ಜೊತೆಯವರಿಲ್ಲದಾಗ ಅಗೆಯುವವರು ಯಾರು?

ಜೂನ್ ಎಂದರೆ ಊರಲ್ಲಿ ಮಳೆ ಹಿಡಿಯುವ ಕಾಲ, ನಾನಿರುವ ಕ್ರೈಸ್ಟ್‌ಚರ್ಚಿನಲ್ಲಿ ಚಳಿ ಹಿಡಿಯುವ ಕಾಲ. ಈ ಹೊತ್ತಿಗೆ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಚಳಿಗಾಲದಲ್ಲಿ ಬೆಟ್ಟದ ಮೇಲಿನ ಹಟ್‌ನಲ್ಲಿ ಒಬ್ಬರೇ ರಾತ್ರಿ ಕಳೆಯುತ್ತೀರಂತಲ್ಲ, ಭಯ ಆಗುವುದಿಲ್ಲವೇ? ಕೆಲವರು ಮೆಚ್ಚಿಕೊಂಡು ಕೇಳುತ್ತಾರೆ, ಕೆಲವರು ಇವನಿಗೇನು ಬಂದಿದೆ ಎಂಬ ಧಾಟಿಯಲ್ಲಿ ಕೇಳುತ್ತಾರೆ. ಭಯ ಆಗುತ್ತದೆ ಸ್ವಾಮಿ, ಆದರೆ ಕತ್ತಲಿಗಲ್ಲ. ಈ ದೇಶದ ಕಾಡಿನಲ್ಲಿ ಹುಲಿಯಿಲ್ಲ, ಕರಡಿಯಿಲ್ಲ, ಹಾವು ಕೂಡ ಇಲ್ಲ. ನನಗೆ ದಿಗಿಲು ಹುಟ್ಟಿಸುವ ಸಂಗತಿ ಬೇರೆ. ಹಿಮ ಬಿದ್ದ ಬೆಟ್ಟದಲ್ಲಿ ಜೀವ ಉಳಿಸಿಕೊಳ್ಳಲು ನಮಗೆ ಕಲಿಸುವ ಉಪಾಯಗಳಲ್ಲಿ ಬಹುಪಾಲು, ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೆ ಎಂದುಕೊಂಡೇ ಮಾಡಿದವು. ಒಂಟಿಯಾಗಿ ಹೊರಡುವವನು ಆ ಇನ್ನೊಬ್ಬರು ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಎಣಿಸಿ, ಅವನ್ನು ಯಾರು ಮಾಡುತ್ತಾರೆ ಎಂದು ಮನೆಯಲ್ಲೇ ಕೂತು ಉತ್ತರ ಹುಡುಕಿಕೊಳ್ಳಬೇಕು.

ಮೊದಲು ಹಟ್ ಎಂದರೇನು ಎನ್ನುವುದನ್ನು ಹೇಳಿಬಿಡುತ್ತೇನೆ. ಕುಮಾರಪರ್ವತ ಹತ್ತಿದವರೊಬ್ಬರು, ಅಲ್ಲಿ ಭಟ್ಟರ ಮನೆಯ ಹಾಗೆ ಬಿಸಿ ಅನ್ನ, ಸಾರು ಸಿಗುತ್ತದೆಯೇ ಎಂದು ಬರೆದಿದ್ದರು. ಇಲ್ಲ. ಅಲ್ಲಿ ಭಟ್ಟರೂ ನಾವೇ, ಉಣ್ಣುವವರೂ ನಾವೇ. ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ ಸುಪರ್ದಿನಲ್ಲಿ ಇಂಥ 950ಕ್ಕೂ ಹೆಚ್ಚು ಹಟ್‌ಗಳಿವೆ. ಹೆಚ್ಚಿನವುಗಳಲ್ಲಿ ಕಾವಲಿನವರಿಲ್ಲ, ಬಾಗಿಲಿಗೆ ಬೀಗವಿಲ್ಲ, ಮೊದಲು ಬಂದವರಿಗೆ ಮೊದಲ ಬಂಕ್. ಒಳಗೆ ಹಲಗೆಯ ಮಂಚ, ಅದರ ಮೇಲೊಂದು ಫೋಮ್ ಹಾಸಿಗೆ, ಒಂದು ಬೆಂಚು. ಹೊರಗೆ ಮಳೆನೀರಿನ ಟ್ಯಾಂಕು, ಅಷ್ಟು ದೂರದಲ್ಲಿ ಗುಂಡಿ ಕಕ್ಕಸು. ಇವು ವಿಹಾರಕ್ಕೆಂದು ಕಟ್ಟಿದ್ದೂ ಅಲ್ಲ. ಬ್ರಿಟನ್ನಿನಿಂದ ಬಂದವರು ಬೇಟೆಯ ಖುಷಿಗೆ ತಂದುಬಿಟ್ಟ ಕೆಂಪು ಜಿಂಕೆ, ತಿನ್ನುವ ಪ್ರಾಣಿಯೇ ಇಲ್ಲದ ನಾಡಿನಲ್ಲಿ ಮಿತಿಮೀರಿ ಹೆಚ್ಚಿ ಬೆಟ್ಟ ಬೋಳಿಸತೊಡಗಿತು. 1930ರಿಂದ ಸರ್ಕಾರವೇ ಸಂಬಳ ಕೊಟ್ಟು ಜಿಂಕೆ ಹೊಡೆಸಿತು. ಆ ಕೂಲಿ ಬೇಟೆಗಾರರಿಗಾಗಿ ಅರಣ್ಯ ಇಲಾಖೆ 1950, 60ರ ದಶಕಗಳಲ್ಲಿ ನೂರಾರು ಹಟ್ ಕಟ್ಟಿತು. 1987ರಲ್ಲಿ ಸಂರಕ್ಷಣಾ ಇಲಾಖೆ ಹುಟ್ಟಿದಾಗ ಇವೆಲ್ಲ ಅದರ ಪಾಲಿಗೆ ಬಂದವು. ಇನ್ನು ಕೆಲವು ಅದಕ್ಕೂ ಹಳೆಯವು, ಕುರಿ ಮಂದೆಯನ್ನು ಬೆಟ್ಟದಿಂದ ಇಳಿಸಿ ತರುವವರು ಉಳಿದುಕೊಳ್ಳುತ್ತಿದ್ದ ತಗಡಿನ ಮನೆಗಳು.

ನಾನು ಚಳಿಗಾಲದಲ್ಲಿ ಒಬ್ಬನೇ ಹೋಗುವ ಬೀಲಿ ಸ್ಪರ್ ಹಟ್ ಈ ಕೊನೆಯ ಜಾತಿಯದು. ಕ್ರೈಸ್ಟ್‌ಚರ್ಚಿನಿಂದ ಪಶ್ಚಿಮಕ್ಕೆ ಆರ್ಥರ್ಸ್ ಪಾಸ್ ದಾರಿ ಹಿಡಿದು, ಆ ಊರು ಬರುವ ಮೊದಲೇ ಕಾರು ನಿಲ್ಲಿಸಿ, ಬೀಚ್ ಮರಗಳ ಕಾಡಿನಲ್ಲಿ ಏರುತ್ತ ಹೋದರೆ ಎರಡು ಮೂರು ತಾಸಿನ ನಡಿಗೆ. ಆರು ಬಂಕು. ಕೆಳಗೆ ವೈಮಕರಿರಿ ನದಿ ಹತ್ತಾರು ಎಳೆಗಳಾಗಿ ಬಿಚ್ಚಿಕೊಂಡು ಹರಿಯುವುದು ಕಾಣುತ್ತದೆ. ಇಷ್ಟು ಹತ್ತಿರದ ಜಾಗಕ್ಕೆ ಹೋಗಿ ಬರುವುದೂ ಒಂದು ಸಾಹಸವೇ ಎಂದು ಬೆಟ್ಟ ಅಲೆಯುವ ಇಲ್ಲಿನ ಗಟ್ಟಿ ಟ್ರ್ಯಾಂಪರ್‌ಗಳು ನಕ್ಕಾರು. ನಗಲಿ. ನಾನು ಅದನ್ನು ಆರಿಸಿಕೊಂಡದ್ದು ನೋಟಕ್ಕಲ್ಲ, ಅದಿರುವ ಜಾಗಕ್ಕೆ. ದಾರಿಯುದ್ದಕ್ಕೂ ಬೆಟ್ಟದ ಬೆನ್ನಿನ ಮೇಲೆಯೇ ನಡೆಯಬೇಕು. ಎಲ್ಲೂ ಹೊಳೆ ದಾಟಬೇಕಾಗಿಲ್ಲ, ನೆತ್ತಿಯ ಮೇಲೆ ಹಿಮ ತೂಗುವ ಇಳಿಜಾರಿನ ಕೆಳಗೆ ಹಾಯಬೇಕಾಗಿಲ್ಲ.

ಈ ಎರಡನ್ನೇ ಯಾಕೆ ಹೇಳುತ್ತೇನೆ ಎಂದರೆ, ಒಬ್ಬನೇ ಇದ್ದಾಗ ಮೊದಲು ಕೈಕೊಡುವುದು ಅಲ್ಲೇ. ಹಿಮಕುಸಿತದ ಸಂಗತಿ ನೋಡಿ. ದೊಡ್ಡ ಹಾಳೆಯ ಹಾಗೆ ಕಳಚಿ ಬೀಳುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ ಆಗುತ್ತವೆ. ಅದಕ್ಕಿಂತ ಕಡಿದಾದರೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಅದಕ್ಕಿಂತ ಸಪಾಟಾದರೆ ಸಾಮಾನ್ಯವಾಗಿ ಜಾರುವುದಿಲ್ಲ. ಅಂಥ ಕಡೆ ಹೋಗುವವರು ಮೂರು ಸಾಮಾನು ಒಯ್ಯಬೇಕು ಎಂದು ನಿಯಮ: ಎದೆಗೆ ಕಟ್ಟಿಕೊಳ್ಳುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕಡ್ಡಿ, ಒಂದು ಸಲಿಕೆ. ಟ್ರಾನ್ಸೀವರ್ ಹೂತುಹೋದವನ ಜಾಗ ತೋರಿಸುತ್ತದೆ, ಕಡ್ಡಿ ಆಳ ಹೇಳುತ್ತದೆ, ಸಲಿಕೆ ಅಗೆಯುತ್ತದೆ. ಸರಿ, ಹೂತುಹೋದವನು ನಾನೇ ಆದರೆ ಅಗೆಯುವವರು ಯಾರು? ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆ ಕಳೆದ ಮೇಲೆ ಧಡಾರನೆ ಕುಸಿಯುತ್ತದೆ. ಅಷ್ಟರೊಳಗೆ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಒಂಟಿ ಮನುಷ್ಯನ ಬ್ಯಾಗಿನಲ್ಲಿರುವ ಸಲಿಕೆ ಬೇರೆ ಯಾರನ್ನಾದರೂ ಉಳಿಸಬಹುದು, ಅವನನ್ನಲ್ಲ. ಹಾಗಾಗಿ ಒಬ್ಬನೇ ಹೋಗುವಾಗ ನನ್ನ ನಿಯಮ ಬಹಳ ಸರಳ. ಹಿಮಕುಸಿತದ ಮುನ್ಸೂಚನೆ ಓದಿ ಇವತ್ತು ಪರವಾಗಿಲ್ಲ, ನಾಳೆ ಬೇಡ ಎಂದು ಲೆಕ್ಕ ಹಾಕುತ್ತ ಕೂರುವುದಿಲ್ಲ. ಕುಸಿತದ ದಾರಿಯಲ್ಲಿರುವ ಹಟ್‌ಗಳನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತೇನೆ. ಆವೊರಾಕಿ ಶಿಖರದ ಹತ್ತಿರದ ಮುಲ್ಲರ್ ಹಟ್ ಚೆಂದವೋ ಚೆಂದ, 1,800 ಮೀಟರಿನಲ್ಲಿದೆ, ಈಗಿರುವ ಕಟ್ಟಡವನ್ನು 2003ರಲ್ಲಿ ಎಡ್ಮಂಡ್ ಹಿಲರಿಯೇ ಉದ್ಘಾಟಿಸಿದ್ದು. ಬೇಸಿಗೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಚಳಿಗಾಲದಲ್ಲಿ ಅದು ಐಸ್ ಆಕ್ಸ್, ಬೂಟಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಮತ್ತು ಬಲ್ಲ ಜೊತೆಗಾರರು ಬೇಕಾದ ಜಾಗ. ಅದರ ಚಿತ್ರ ನೋಡಿ ಜುಲೈನಲ್ಲಿ ಒಬ್ಬರೇ ಹೊರಡುವವರಿಗೆ ಬೇಡಿ ಎಂದು ಹೇಳುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಹೊಳೆಯ ಕಥೆಯೂ ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತವರು ಎಷ್ಟಿದ್ದರೆಂದರೆ, ನೀರಿನಲ್ಲಿ ಸಾಯುವುದಕ್ಕೇ ನ್ಯೂಜಿಲೆಂಡ್ ಸಾವು ಎಂದು ಹೆಸರು ಬಿದ್ದಿತ್ತು. ಈಗ ಇಲ್ಲಿ ಕಲಿಸುವ ವಿಧಾನದಲ್ಲಿ ಮೂರು ನಾಲ್ಕು ಜನ ಒಬ್ಬರ ಬೆನ್ನಿನ ಹಿಂದೆ ಒಬ್ಬರು ಕೈ ತೂರಿಸಿ ಹಿಡಿದು, ಸಾಲಾಗಿ ಒಟ್ಟಿಗೆ ದಾಟುತ್ತಾರೆ. ಒಬ್ಬರ ಕಾಲು ತಪ್ಪಿದರೆ ಉಳಿದವರು ಆಧಾರ. ಒಬ್ಬನೇ ಇದ್ದರೆ ಆ ಆಧಾರ ಹೋಯಿತು.

ಎಲ್ಲಕ್ಕಿಂತ ಮೋಸ ಮಾಡುವುದು ಮೈ ತಣ್ಣಗಾಗುವುದು. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ನಡುಕ ಬರುತ್ತದೆ, ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಸಣ್ಣ ವಿಷಯಕ್ಕೂ ಸಿಡುಕು, ಕೊನೆಗೆ ಯಾವುದೂ ಬೇಡ ಎನ್ನುವ ಉದಾಸೀನ. ಇದನ್ನೆಲ್ಲ ಮೊದಲು ಗುರುತಿಸುವುದು ಪಕ್ಕದವರು. ಯಾಕೋ ನಿನ್ನ ಮಾತು ಒಂಥರಾ ಇದೆ, ಕೂರು, ಟೀ ಕುಡಿ ಎಂದು ಗದರುವುದು ಅವರ ಕೆಲಸ. ತಣ್ಣಗಾಗುತ್ತಿರುವವನಿಗೆ ತಾನು ಚೆನ್ನಾಗಿಯೇ ಇದ್ದೇನೆ ಅನ್ನಿಸುತ್ತಿರುತ್ತದೆ, ಯಾಕೆಂದರೆ ಮೊದಲು ಕೆಡುವುದೇ ತೀರ್ಮಾನ ಮಾಡುವ ಬುದ್ಧಿ. ಅದನ್ನು ನಂಬಿಕೊಂಡರೆ ಆಗದು. ಅದಕ್ಕೆ ಬದಲಾಗಿ ನಾನು ಬೆರಳನ್ನು ನಂಬುತ್ತೇನೆ. ನಿಂತಾಗಲೆಲ್ಲ ಕೈಗವಸು ತೆಗೆದು ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಿ ನೋಡುವುದು. ಮುಟ್ಟಲಿಲ್ಲವೆಂದರೆ ಮುಂದಿನ ಹೆಜ್ಜೆಗೆ ಚರ್ಚೆಯಿಲ್ಲ. ಗಾಳಿಗೆ ಮರೆಯಾಗಿ ನಿಲ್ಲಬೇಕು, ಒದ್ದೆ ಅಂಗಿ ಬದಲಿಸಬೇಕು, ಬೆಲ್ಲವೋ ಚಿಕ್ಕಿಯೋ ಬಾಯಿಗೆ ಹಾಕಿಕೊಳ್ಳಬೇಕು. ಇನ್ನೊಂದು ಮಾತು. ಹತ್ತುವಾಗ ಬೆವರಬಾರದು. ಚಳಿಯಲ್ಲಿ ನಿಧಾನ ಹತ್ತಿದವನು ಒಣಗಿ ತಲುಪುತ್ತಾನೆ, ಓಡಿದವನು ಒದ್ದೆಯಾಗಿ ತಲುಪಿ ರಾತ್ರಿಯಿಡೀ ನಡುಗುತ್ತಾನೆ. ಗಾಳಿಯನ್ನಂತೂ ಲೆಕ್ಕಕ್ಕೆ ಸೇರಿಸಲೇಬೇಕು. ಥರ್ಮಾಮೀಟರು ಸೊನ್ನೆ ಎಂದರೂ, ಗಂಟೆಗೆ 40 ಕಿಲೋಮೀಟರ್ ಗಾಳಿಯಲ್ಲಿ ತೆರೆದ ಚರ್ಮಕ್ಕೆ ಅದು ಮೈನಸ್ 7ರ ಚಳಿ.

ಇನ್ನು ಹಟ್ ತಲುಪಿದ ಮೇಲೆ ಬೆಚ್ಚಗಿರಬಹುದು ಎಂಬ ಕಲ್ಪನೆ. ಬೀಲಿ ಸ್ಪರ್‌ನಂಥ ಕಡೆ ಒಲೆಯಿಲ್ಲ. ಹಟ್ ಗಾಳಿಯನ್ನು ತಡೆಯುತ್ತದೆ, ಅಷ್ಟೇ ಅದರ ಉಪಕಾರ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೊರಬೀಳುವ ಶಾಖ ಸುಮಾರು 100 ವ್ಯಾಟ್, ನಿದ್ದೆಯಲ್ಲಿ ಇನ್ನೂ ಕಡಿಮೆ. ಆರು ಬಂಕೂ ತುಂಬಿದ್ದರೆ 600 ವ್ಯಾಟ್, ಜೊತೆಗೆ ಆರು ಜನರ ಅಡುಗೆಯ ಹಬೆ. ಕೋಣೆ ತಕ್ಕಮಟ್ಟಿಗೆ ಬೆಚ್ಚಗಾಗುತ್ತದೆ. ಒಬ್ಬನೇ ಮಲಗಿದರೆ ಆ ಶಾಖ ತಗಡಿನ ಗೋಡೆಗೆ ಯಾವ ಲೆಕ್ಕಕ್ಕೂ ಇಲ್ಲ. ಬೆಳಗಿನ ಜಾವ ಒಳಗೂ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ, ಉಸಿರಿನ ತೇವ ಮಾಡಿನ ಮೊಳೆಗಳ ತುದಿಯಲ್ಲಿ ಮಂಜಿನ ಹರಳಾಗಿ ಕೂತಿರುತ್ತದೆ. ಆದ್ದರಿಂದ ಕೋಣೆಯನ್ನು ಬಿಸಿಮಾಡುವ ಆಸೆ ಬಿಟ್ಟು ಸ್ಲೀಪಿಂಗ್ ಬ್ಯಾಗಿನೊಳಗಿನ ಗಾಳಿಯನ್ನಷ್ಟೇ ಬಿಸಿಯಾಗಿಟ್ಟುಕೊಳ್ಳಬೇಕು. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಎರಡು ಸಲ ಬಿಗಿದು, ಉಣ್ಣೆಯ ಕಾಲುಚೀಲವೊಂದನ್ನು ಅದಕ್ಕೆ ತೊಡಿಸಿ ಕಾಲ ಬಳಿ ಇಟ್ಟುಕೊಂಡರೆ ಮಧ್ಯರಾತ್ರಿವರೆಗೆ ಚಿಂತೆಯಿಲ್ಲ. ಬೆಳಿಗ್ಗೆ ಅದೇ ಕುಡಿಯುವ ನೀರು. ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದನ್ನೂ ಒಳಗೇ ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಅದು ಕಾಲು ತೂರಿಸಲಾಗದಷ್ಟು ಸೆಟೆದುಕೊಂಡಿರುತ್ತದೆ. ಹೊರಗೆ ಬಿಡುವ ಮಾತೇ ಇಲ್ಲ. ಕೀಯ ಎಂಬ ಇಲ್ಲಿನ ಬೆಟ್ಟದ ಗಿಳಿಗೆ ಬೂಟಿನ ಲೇಸು, ರಬ್ಬರು ಎಂದರೆ ಪಂಚಪ್ರಾಣ.

ಅಡುಗೆಗೆ ಗ್ಯಾಸಿನ ಪುಟ್ಟ ಡಬ್ಬ ಕೊಳ್ಳುವಾಗ ಮೇಲಿನ ಬರಹ ಓದಿ. ಬರೀ ಬ್ಯೂಟೇನ್ ಇದ್ದರೆ ಚಳಿಗಾಲಕ್ಕೆ ಪ್ರಯೋಜನವಿಲ್ಲ, ಅದು ಕುದಿದು ಅನಿಲವಾಗುವುದೇ ಮೈನಸ್ 0.5 ಡಿಗ್ರಿಯಲ್ಲಿ. ಡಬ್ಬದ ತುಂಬ ಗ್ಯಾಸಿದ್ದರೂ ಬರ್ನರಿನಲ್ಲಿ ಉರಿ ಬರುವುದಿಲ್ಲ. ಐಸೊಬ್ಯೂಟೇನ್ ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಅನಿಲವಾಗುತ್ತದೆ. ಈ ಎರಡೂ ಬೆರೆತ ಡಬ್ಬ ಬೇಕು. ಅದನ್ನೂ ಹಚ್ಚುವ ಮೊದಲು ಜಾಕೆಟ್ಟಿನೊಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಒಳ್ಳೆಯದು. ಟ್ಯಾಂಕಿನ ನಲ್ಲಿ ಹೆಪ್ಪುಗಟ್ಟಿದ್ದರೆ ಹಿಮ ಕರಗಿಸಬೇಕು. ಎಷ್ಟು ಗ್ಯಾಸ್ ಬೇಕು ಎಂಬ ಅಂದಾಜು ಹೊಸಬರಿಗೆ ತಪ್ಪುವುದು ಇಲ್ಲೇ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು 80 ಕ್ಯಾಲೊರಿ ಶಾಖ ಬೇಕು. ಹೀಗೆ ಕರಗಿದ ನೀರನ್ನು 80 ಡಿಗ್ರಿಗೆ ಬಿಸಿ ಮಾಡಲು ಬೇಕಾಗುವುದೂ ಅಷ್ಟೇ ಶಾಖ. ಅಂದರೆ ಮನೆಯಲ್ಲಿ ಟೀ ಕಾಯಿಸುವುದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಹೊಸದಾಗಿ ಬಿದ್ದ ಹಿಮವಾದರೆ ಪಾತ್ರೆ ತುಂಬ ಒತ್ತಿ ಇಟ್ಟರೂ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ, ಮತ್ತೆ ತುಂಬಬೇಕು, ಮತ್ತೆ ಕಾಯಬೇಕು. ಮೊದಲು ತಳಕ್ಕೆ ಒಂದು ಗುಟುಕು ನೀರು ಹಾಕಿ ಆಮೇಲೆ ಹಿಮ ಹಾಕಬೇಕು, ಬರೀ ಹಿಮ ಇಟ್ಟರೆ ಪಾತ್ರೆ ಸೀದು ನೀರಿಗೆ ಸುಟ್ಟ ವಾಸನೆ ಹಿಡಿಯುತ್ತದೆ. ಮತ್ತು ಎಷ್ಟೇ ಚಳಿಯಿರಲಿ, ಸ್ಟವ್ ಉರಿಯುವಾಗ ಕಿಟಕಿ ಒಂದಂಗುಲವಾದರೂ ತೆರೆದಿರಲೇಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆ ಬರುತ್ತಿದೆ ಎಂದು ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲ.

ಊಟದಲ್ಲಿ ಮಾತ್ರ ಕನ್ನಡಿಗರಿಗೆ ಅನುಕೂಲ ಜಾಸ್ತಿ ಎನ್ನುವುದು ನನ್ನ ಪಕ್ಷಪಾತ. ಇಲ್ಲಿನವರು ದುಬಾರಿ ದುಡ್ಡು ಕೊಟ್ಟು ಒಣಗಿಸಿದ ಪಾಸ್ತಾ ಪೊಟ್ಟಣ ಒಯ್ಯುತ್ತಾರೆ. ಗೊಜ್ಜವಲಕ್ಕಿಗೆ ಬೇಕಾದ್ದು ಬಿಸಿನೀರು ಮಾತ್ರ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಒಯ್ದರೆ ಬೆಳಗಿನ ತಿಂಡಿ ಎರಡು ನಿಮಿಷದಲ್ಲಿ ಸಿದ್ಧ. ಮಲಗುವ ಮುಂಚೆ ತುಪ್ಪ ತಿನ್ನಬೇಕು, ಜಿಡ್ಡು ನಿಧಾನವಾಗಿ ಕರಗಿ ರಾತ್ರಿಯಿಡೀ ಮೈಗೆ ಶಾಖ ಕೊಡುತ್ತದೆ. ಬಾಟಲಿಯಲ್ಲಿ ಒಯ್ದ ತುಪ್ಪ ಕಲ್ಲಾಗಿ ಕೂತು ಚಮಚಕ್ಕೂ ಬಗ್ಗುವುದಿಲ್ಲ, ಆದ್ದರಿಂದ ಮನೆಯಲ್ಲೇ ಹುರಿಹಿಟ್ಟಿಗೆ ಕಲಸಿ ಉಂಡೆ ಕಟ್ಟಿಬಿಡುವುದು ಮೇಲು.

ಭಯದ ಬಗ್ಗೆ ಕೇಳುವವರು ಬೇಸರದ ಬಗ್ಗೆ ಕೇಳುವುದಿಲ್ಲ, ಆದರೆ ದೊಡ್ಡ ಸಂಗತಿ ಅದು. ಜೂನಿನಲ್ಲಿ ಇಲ್ಲಿ ಸಂಜೆ ಐದಕ್ಕೆ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಬೆಳಿಗ್ಗೆ ಎಂಟಕ್ಕೆ. ಹದಿನೈದು ತಾಸು ಕತ್ತಲೆ. ಆರಕ್ಕೆ ಊಟ ಮುಗಿದಿರುತ್ತದೆ, ಏಳಕ್ಕೆ ಪಾತ್ರೆ ಒರೆಸಿಟ್ಟಾಗಿರುತ್ತದೆ, ಎಂಟು ಗಂಟೆಗೆ ಮಧ್ಯರಾತ್ರಿಯಾದಂತೆ ಅನ್ನಿಸುತ್ತದೆ. ಮೊಬೈಲು ಹಿಡಿಯುವ ಹಾಗಿಲ್ಲ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಅದನ್ನು ಆರಿಸಿ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಪುಸ್ತಕ ಓದಲು ಕೈ ಹೊರಗೆ ಬರಬೇಕು, ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ಇಲಿಯೊಂದು ಮೂಲೆಯಲ್ಲಿ ಪರಪರ ಮಾಡುತ್ತದೆ. ತಗಡು ಚಳಿಗೆ ಕುಗ್ಗಿ ಟಕ್ ಎಂದಾಗಲೆಲ್ಲ ಯಾರೋ ಬಾಗಿಲು ಬಡಿದ ಹಾಗೆ ಕೇಳುತ್ತದೆ. ಬೆರಳು ಮರಗಟ್ಟಿದರೂ ನಾನು ಹಳೆಯ ಹಟ್ ಬುಕ್ ಓದುತ್ತೇನೆ. ಪ್ರತಿ ಹಟ್‌ನಲ್ಲೂ ಒಂದು ಪುಸ್ತಕ ಇರುತ್ತದೆ. ಬಂದವರು ಹೆಸರು, ಎಷ್ಟು ಜನ, ಎಲ್ಲಿಂದ ಬಂದರು, ಮುಂದೆಲ್ಲಿಗೆ, ಹವೆ ಹೇಗಿತ್ತು ಎಂದು ಬರೆಯಬೇಕು. ರಾತ್ರಿ ಉಳಿಯದೆ ಹಾದುಹೋಗುವವರೂ ಬರೆಯಬೇಕು. ಕಾಣೆಯಾದವರನ್ನು ಹುಡುಕಲು ಬಂದವರು ಮೊದಲು ತೆರೆಯುವುದು ಇದನ್ನೇ. ಆ ಗಂಭೀರ ಉದ್ದೇಶದ ನಡುವೆ ಜನ ಇಲಿಯ ಮೇಲೆ ದೂರು ಬರೆದಿರುತ್ತಾರೆ, ಗೊರಕೆ ಹೊಡೆದವನ ಚಿತ್ರ ಬಿಡಿಸಿರುತ್ತಾರೆ. ಚಳಿಗಾಲದ ಪುಟಗಳಲ್ಲಿ ಬರಹ ಕಡಿಮೆ, ಅಕ್ಷರ ಸೊಟ್ಟ.

ಬೆಳಗಿನ ಜಾವಕ್ಕೆ ಹೊರಗೆ ಹೋಗಲೇಬೇಕಾದ ಒತ್ತಡ ಬಂದಾಗ ಎದ್ದರೆ ಒಂದು ಲಾಭ ಇದೆ. ಈಶಾನ್ಯದ ಅಂಚಿನಲ್ಲಿ ಕೃತ್ತಿಕೆಯ ಗುಂಪು ಮೇಲೇರುತ್ತಿರುತ್ತದೆ. ಮಾವೊರಿಗಳಿಗೆ ಅದು ಮಟಾರಿಕಿ. ಚಳಿಗಾಲದ ನಡುವೆ ಅದು ಮತ್ತೆ ಕಾಣಿಸಿಕೊಳ್ಳುವುದೇ ಅವರಿಗೆ ಹೊಸವರ್ಷ, 2022ರಿಂದ ದೇಶಕ್ಕೆಲ್ಲ ರಜೆ. ಆ ರಜೆಯ ವಾರಾಂತ್ಯದಲ್ಲಿ ಮಾತ್ರ ಹಟ್‌ನಲ್ಲಿ ಒಬ್ಬರೇ ಇರುವ ಆಸೆ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ, ಯಾರೂ ಇಲ್ಲದಿದ್ದಾಗ ಸುದ್ದಿ ಮುಟ್ಟಿಸುವವರು ಯಾರು ಎನ್ನುವುದು. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ ಎಂದುಕೊಂಡೇ ಹೊರಡಬೇಕು. ಇಲ್ಲಿ ಪರ್ಸನಲ್ ಲೊಕೇಟರ್ ಬೀಕನ್ ಎಂಬ ಅಂಗೈಯಗಲದ ಪೆಟ್ಟಿಗೆ ಬಾಡಿಗೆಗೂ ಸಿಗುತ್ತದೆ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಹೋಗಿ, ದೇಶದ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಜಾಗ ತಿಳಿಯುತ್ತದೆ. ಆದರೆ ಗುಂಡಿ ಒತ್ತುವಷ್ಟು ಎಚ್ಚರ ನನಗಿರಬೇಕು, ಹೆಲಿಕಾಪ್ಟರ್ ಹಾರುವಷ್ಟು ಹವೆ ತಿಳಿಯಾಗಿರಬೇಕು. ವಾಯವ್ಯದ ಬಿರುಗಾಳಿ ಬೀಸುವ ದಿನ ಅದೆಲ್ಲ ಮಾರನೆಯ ದಿನದ ಮಾತು. ಹಾಗಾಗಿ ಬೀಕನ್ ಇದೆಯೆಂದು ರಾತ್ರಿ ಕಳೆಯುವ ಸಾಮಾನು ಕಡಿಮೆ ಮಾಡುವಂತಿಲ್ಲ. (ಊರಿಗೆ ಬರುವಾಗ ಇಂಥವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಭಾರತದಲ್ಲಿ ಪರವಾನಗಿಯಿಲ್ಲದೆ ಸ್ಯಾಟಲೈಟ್ ಫೋನ್, ಉಪಗ್ರಹ ಸಂದೇಶದ ಸಾಧನ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರನ್ನು ಪೊಲೀಸರು ಹಿಡಿದದ್ದಿದೆ.)

ಪೆಟ್ಟಿಗೆಗಿಂತ ಮುಖ್ಯ ಊರಲ್ಲಿ ಕೂತು ಕಾಯುವ ಒಬ್ಬ ಮನುಷ್ಯ. ಹೋಗುವ ದಾರಿ, ಕಾರು ನಿಲ್ಲಿಸುವ ಜಾಗ, ಕಾರಿನ ನಂಬರು, ವಾಪಸು ಬರುವ ಹೊತ್ತು, ಮತ್ತು ಯಾವ ಗಂಟೆಯವರೆಗೂ ಫೋನ್ ಬರದಿದ್ದರೆ 111ಕ್ಕೆ ಕರೆಮಾಡಿ ಪೊಲೀಸರನ್ನು ಕೇಳಬೇಕು ಎನ್ನುವುದು, ಇಷ್ಟನ್ನೂ ಬರೆದು ಕೊಡಬೇಕು. ಇದಕ್ಕೆ ನಾನು ಹೆಂಡತಿಯನ್ನು ಗೊತ್ತುಮಾಡಿಲ್ಲ. ಅವಳು ಒಂದು ತಾಸು ಮೊದಲೇ ಗಾಬರಿಯಾಗುತ್ತಾಳೆ. ತಮಾಷೆಯ ಗೆಳೆಯರೂ ಬೇಡ, ಬರ್ತಾನೆ ಬಿಡು ಎಂದು ಟಿವಿ ನೋಡುತ್ತ ಕೂರುತ್ತಾರೆ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಐದೂ ಮುಕ್ಕಾಲು ಎಂದರೆ ಐದೂ ಮುಕ್ಕಾಲು ಎನ್ನುವ ಜಾತಿ. ಕಾಗದ ಫ್ರಿಜ್ಜಿಗೆ ಅಂಟಿಸಿಕೊಳ್ಳುತ್ತಾರೆ.

ಹಾಸನದ ಕಡೆಯ ತಾಯಿಯೊಬ್ಬರು ಹೋದ ವಾರ ಬರೆದಿದ್ದರು. ಡುನಿಡಿನ್‌ನಲ್ಲಿ ಓದುತ್ತಿರುವ ಮಗಳು ಆಗಸ್ಟಿನಲ್ಲಿ ಒಬ್ಬಳೇ ಹಟ್‌ಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ, ಕಳಿಸಲೋ ಬೇಡವೋ? ಅಮ್ಮ, ಬೇಡ ಎಂದರೆ ಅವಳು ಹೇಳದೆ ಹೋಗುತ್ತಾಳೆ, ಅದು ಇನ್ನೂ ಅಪಾಯ. ಯಾವ ಹಟ್ ಎಂದು ಕೇಳಿ. ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಹೋಗಿ ಬಂದಿದ್ದಾಳಾ, ನಡುವೆ ಹೊಳೆ ಇದೆಯಾ, ದಾರಿಯ ಮೇಲ್ಗಡೆ ಹಿಮದ ಇಳಿಜಾರು ಇದೆಯಾ, ಇಲ್ಲಿ ಕಾಯುವವರು ಯಾರು ಎಂದು ಕೇಳಿ. ಇವಕ್ಕೆಲ್ಲ ಥಟ್ಟನೆ ಉತ್ತರ ಬಂದರೆ ನಿಮ್ಮ ಮಗಳು ನನಗಿಂತ ಚೆನ್ನಾಗಿ ತಯಾರಾಗಿದ್ದಾಳೆ. ತಡವರಿಸಿದರೆ, ಈ ವರ್ಷ ಅವಳ ವಿಶ್ವವಿದ್ಯಾಲಯದ ಟ್ರ್ಯಾಂಪಿಂಗ್ ಕ್ಲಬ್ಬಿನವರ ಜೊತೆ ಹೋಗಿಬರಲಿ. ಆ ಮಕ್ಕಳು ಚಳಿಗಾಲದಲ್ಲೂ ಬೆಟ್ಟ ಬಿಡುವುದಿಲ್ಲ. ನೀವು ಕಳಿಸಿದ ಹುರಿಹಿಟ್ಟಿನ ಉಂಡೆಗೆ ಅಲ್ಲಿ ಜನ ಮುಗಿಬೀಳುತ್ತಾರೆ, ಸ್ವಲ್ಪ ಜಾಸ್ತಿಯೇ ಕಟ್ಟಿ ಕಳಿಸಿ.